ತಲೆಯ ಮೇಲೆ ಕೈ

ರಕ್ತಕ್ಕೆ ಇರುವೆ ಮುತ್ತಿತ್ತು.

ತಂಗಿ ಬಕೆಟ್ಟಿನ ಮುಚ್ಚಳ ಎತ್ತಿ ನೋಡಿ, "ಹೇಳಿದ್ದೆ ನಾನು," ಎಂದು ಯಾರಿಗೂ ಅಲ್ಲದೆ ಹೇಳಿದಳು. ಕಾರ್ನ್‌ಫ್ಲೋರ್, ಸಕ್ಕರೆ ಪಾಕ, ಕೆಂಪು ಬಣ್ಣ ಹಾಕಿ ಬೆಳಿಗ್ಗೆ ಎದ್ದು ಅವಳೇ ಕುದಿಸಿದ್ದು. ಸಕ್ಕರೆ ಬೇಡ, ಕಳೆದ ಸಲ ಹೆಣದ ಮೈತುಂಬ ಇರುವೆ ಹತ್ತಿ ಹೆಣ ಎದ್ದು ಓಡಿದ್ದು ಸಾಲದೇ ಎಂದು ಬಡಕೊಂಡಿದ್ದಳು. "ಸಕ್ಕರೆ ಇಲ್ದಿದ್ರೆ ರಕ್ತಕ್ಕೆ ಹೊಳಪು ಬರಲ್ಲ ಕಣೆ," ಎಂದಿದ್ದ ಅಣ್ಣ, ಕಸಾಯಿಖಾನೆಯಲ್ಲೇ ಹುಟ್ಟಿ ಬೆಳೆದವನ ಹಾಗೆ. ಗಡ್ಡ ಕೆರೆಯುವಾಗ ಬ್ಲೇಡು ತಾಗಿದರೆ ತಲೆ ಸುತ್ತಿ ಕೂರುವ ಧೀರ ಅವನು.

ಟೈರ್ ಅಂಗಡಿಯ ಮೇಲಿನ ಹಾಲ್ ಅದು. ವಾರವೆಲ್ಲ ಸಂಜೆ ಮಕ್ಕಳು ಡ್ಯಾನ್ಸ್ ಕಲಿಯುವ ಜಾಗ. ಭಾನುವಾರ ಮಧ್ಯಾಹ್ನ ಮಾತ್ರ ಖಾಲಿ. ಹಾಗಾಗಿ ಭೂತಪ್ರೇತಗಳೆಲ್ಲ ಊಟ ಮುಗಿಸಿ ಬಂದು, ಸಂಜೆ ಮಕ್ಕಳು ಬರುವುದರೊಳಗೆ ಹೆದರಿಸಿ ಮುಗಿಸಿ, ನೆಲ ಒರೆಸಿಕೊಟ್ಟು ಹೋಗಬೇಕಿತ್ತು. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ಒಳಗೆ ಕಿಟಕಿಗಳಿಗೆಲ್ಲ ಕಪ್ಪು ಪ್ಲಾಸ್ಟಿಕ್ ಬಡಿದು ಕತ್ತಲೆ ಮಾಡಿದ್ದರು. ಮಾಡಿದ್ದರು ಅಂದರೆ ತಂಗಿ ಮಾಡಿದ್ದಳು. ಅಣ್ಣ ಕೆಳಗೆ ನಿಂತು, "ಆ ಮೂಲೇಲಿ ಬೆಳಕು ಬರ್ತಿದೆ ನೋಡು," ಎಂದು ಬೆರಳು ತೋರಿಸಿದ್ದ.

ವಾರಪೂರ್ತಿ ಜೆರಾಕ್ಸ್ ಮೆಷಿನ್ನು ರಿಪೇರಿ ಮಾಡುವ ಅಣ್ಣನಿಗೆ ಈ ಹುಚ್ಚು ಹಿಡಿದು ಕೆಲವು ವರ್ಷಗಳಾಗಿದ್ದವು. ಇದನ್ನು ನಾಟಕ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ನಾಟಕಕ್ಕೆ ನೋಡುವವರು ಬೇಕು, ಇಲ್ಲಿ ಬಂದವರೆಲ್ಲ ಪಾತ್ರಧಾರಿಗಳೇ. ಒಂದು ಭೀಕರ ಕಥೆ, ಅದಕ್ಕೊಂದು ಪ್ರೇತ, ಬಂದವರಿಗೆಲ್ಲ ಒಂದೊಂದು ವೇಷ. ಮಧ್ಯಾಹ್ನವಿಡೀ ತಾವು ತಾವಲ್ಲ ಎಂದುಕೊಂಡು, ಹೆದರಿಕೊಂಡು ಓಡಾಡಿ ಮನೆಗೆ ಹೋಗುವುದು. ಅಣ್ಣ ತನ್ನನ್ನು ತಾನೇ ಸೂತ್ರಧಾರ ಎಂದು ಕರೆದುಕೊಂಡಿದ್ದ. ಬೇರೆಯವರೂ ಹಾಗೇ ಕರೆಯುತ್ತಿದ್ದರು ಅನ್ನುವುದು ಇನ್ನೂ ಆಶ್ಚರ್ಯ.

ತಂಗಿ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ಆಲ್ಟರ್ ಮಾಡುವವಳು. ಪ್ಯಾಂಟಿನ ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು. ಸೂಜಿ ಹಿಡಿದವಳು ಮನೆಯಲ್ಲೇ ಇದ್ದಾಳೆ ಎಂದಮೇಲೆ ಪ್ರೇತದ ಬಟ್ಟೆ ಹೊಲಿಯಲು ಬೇರೆಯವರು ಯಾಕೆ? ಹೊಲಿಯುವವಳು ಬಂದಮೇಲೆ ಚಹಾ ಮಾಡಲು, ರಕ್ತ ಕುದಿಸಲು, ಹೆಣದ ಕೆಳಗೆ ಹಾಸಲು, ಕೊನೆಗೆ ಕಸ ಗುಡಿಸಲು ಬೇರೆಯವರು ಯಾಕೆ?

ಬರುತ್ತೇವೆ ಎಂದವರಲ್ಲಿ ಅರ್ಧಕ್ಕರ್ಧ ಜನ ಎಂದಿನಂತೆ ಬೆಳಿಗ್ಗೆ ಕೈಕೊಟ್ಟಿದ್ದರು. ಒಬ್ಬನಿಗೆ ಜ್ವರ, ಒಬ್ಬಳಿಗೆ ಮನೆಗೆ ನೆಂಟರು; ಒಬ್ಬ ಮಾತ್ರ ಪ್ರಾಮಾಣಿಕವಾಗಿ "ನಿದ್ದೆ ಬರ್ತಿದೆ ಸರ್" ಎಂದಿದ್ದ. ಉಳಿದವರಲ್ಲಿ ಮುಖ್ಯರು ಹಲ್ಲಿನ ಡಾಕ್ಟರು. ದಿನವೆಲ್ಲ ಬಾಯಿ ತೆರೆದು ಕಿರುಚುವವರನ್ನು ನೋಡುವ ಆ ಮನುಷ್ಯ ಭಾನುವಾರವೂ ಕಿರುಚಾಟಕ್ಕೇ ಬರುತ್ತಿದ್ದುದು ಯಾಕೆಂದು ತಂಗಿಗೆ ಅರ್ಥವಾಗಿರಲಿಲ್ಲ. ಇನ್ನೊಬ್ಬರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಯಾವ ಪಾತ್ರ ಕೊಟ್ಟರೂ ಅದನ್ನು ರಾಜನನ್ನಾಗಿ ಮಾಡಿಕೊಳ್ಳುವವರು. ಹೊಗೆ ಬಿಡುವ ಮೆಷಿನ್ನು ಹಚ್ಚಿದರೆ ಅವರಿಗೆ ಉಬ್ಬಸ. ಹೊಗೆ ಇಲ್ಲದಿದ್ದರೆ ವಾತಾವರಣ ಬರಲಿಲ್ಲ ಎಂದು ದೂರುವವರೂ ಅವರೇ.

"ಮೇಡಂ, ಇಲ್ಲಿ ಗಾಡಿ ನಿಲ್ಲಿಸಿದ್ರೆ ಟೈರ್ ಅಂಗಡಿಯವ್ರು ಬೈತಾರಾ?" ಎಂದು ಡಾಕ್ಟರು ಕೇಳಿದರು. ಮೈಮೇಲೆ ಕರಿ ನಿಲುವಂಗಿ, ಕೈಯಲ್ಲಿ ಹೆಲ್ಮೆಟ್ಟು.

"ಬೈತಾರೆ."

"ಚಹಾ ಆಟಕ್ಕೆ ಮುಂಚೆ ಕೊಡ್ತೀರೋ, ಆಮೇಲೋ?"

"ಸತ್ತಮೇಲೆ ಕೊಡ್ತೀನಿ," ಎಂದಳು ತಂಗಿ. ಅವರು ಅದನ್ನು ಆಟದ ಮಾತೆಂದುಕೊಂಡು ಖುಷಿಯಿಂದ ನಕ್ಕರು.

ಅಣ್ಣ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳಿದ. ಹೇಳುವಾಗ ಅವನ ದನಿ ಒಂದು ಮಜಲು ಕೆಳಗಿಳಿಯುತ್ತಿತ್ತು. ಫೋನಿನಲ್ಲಿ ಗಿರಾಕಿಗಳೊಡನೆ ಮಾತಾಡುವ ಕೀರಲು ದನಿ ಎಲ್ಲಿ ಅಡಗುತ್ತಿತ್ತೋ. "ಯಾರೂ ಯಾರನ್ನೂ ಮುಟ್ಟೋ ಹಾಗಿಲ್ಲ. ತಡೆಯೋಕೆ ಆಗ್ಲಿಲ್ಲ ಅಂದ್ರೆ ಸಾಕು ಅಂತ ಕೂಗಿ, ಆಟ ನಿಲ್ಲುತ್ತೆ. ಎಲ್ಲಕ್ಕಿಂತ ದೊಡ್ಡ ನಿಯಮ ಇದು. ಯಾರಾದ್ರೂ ತಲೆ ಮೇಲೆ ಕೈ ಇಟ್ಟಿದ್ರೆ ಅವರು ಇಲ್ಲಿ ಇಲ್ಲ. ಅವರನ್ನ ನೋಡ್ಬಾರ್ದು, ಮಾತಾಡಿಸ್ಬಾರ್ದು, ತಡೀಬಾರ್ದು. ಆಚೆ ಹೋಗೋರು, ಸಾಮಾನು ಸರಿ ಮಾಡೋರು, ಎಲ್ಲರಿಗೂ ಇದೇ ನಿಯಮ. ಇದನ್ನ ಮುರಿದವರು ಮುಂದಿನ ಸಲ ಬರೋ ಹಾಗಿಲ್ಲ. ಅದು ನಾನೇ ಆದ್ರೂ ಸರಿ."

ಹೀಗಾಗಿ ಈ ವರ್ಷಗಳಲ್ಲಿ ತಲೆಯ ಮೇಲೆ ಅತಿ ಹೆಚ್ಚು ಹೊತ್ತು ಕೈ ಇಟ್ಟುಕೊಂಡು ಓಡಾಡಿದವಳು ತಂಗಿಯೇ. ಒಂದು ಕೈ ತಲೆಯ ಮೇಲೆ, ಇನ್ನೊಂದರಲ್ಲಿ ರಕ್ತದ ಚೊಂಬು. ಚೆಲ್ಲಿದ್ದು ಒರೆಸುತ್ತ, ಕಳಚಿದ ಗಡ್ಡ ಅಂಟಿಸುತ್ತ ಜನರ ನಡುವೆ ಹಾದುಹೋಗುವಳು. ಯಾರೂ ಕಣ್ಣೆತ್ತಿ ನೋಡರು. ಮನೆಗೂ ಇದಕ್ಕೂ ಅಂಥ ವ್ಯತ್ಯಾಸವೇನೂ ಅವಳಿಗೆ ಕಂಡಿರಲಿಲ್ಲ.

ಈ ಸಲದ ಕಥೆ ಏನೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಒಳಗಿನ ಕೋಣೆಯನ್ನು ಅಣ್ಣ ತಾನೇ ಸಜ್ಜು ಮಾಡಿ ಪರದೆ ಎಳೆದಿದ್ದ. ಅವನು ತಾನೇ ಕೈಯಾರೆ ಏನಾದರೂ ಮಾಡಿದ್ದೇ ದೊಡ್ಡದು ಎಂದು ಅವಳೂ ಸುಮ್ಮನಿದ್ದಳು. "ಅಮ್ಮನ ರೂಮಿಂದ ಒಂದೆರಡು ಹಳೇ ಸಾಮಾನು ತಗೊಳ್ಲಾ?" ಎಂದು ಹಿಂದಿನ ದಿನ ಕೇಳಿದ್ದ. ಟೇಬಲ್ಲೋ ಟ್ರಂಕೋ ಇರಬೇಕೆಂದು, ಕೆಲಸಕ್ಕೆ ಹೊರಟಿದ್ದವಳು ಚಪ್ಪಲಿ ಮೆಟ್ಟುತ್ತ "ತಗೋ" ಎಂದಿದ್ದಳು. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ಆಟ ಶುರುವಾಯಿತು. ದೀಪ ಆರಿಸಿ ಕೆಂಪು ಬಲ್ಬು ಹಾಕಿದರು. ಕೆಳಗೆ ಟೈರ್ ಅಂಗಡಿಯ ಗಾಳಿಯಂತ್ರ ಬುಸ್ ಎಂದಿತು. ಅದಕ್ಕೇ ಮೇಷ್ಟ್ರು ಹೌಹಾರಿ, "ಕೇಳಿದ್ರಾ, ಪಾತಾಳದ ಉಸಿರು!" ಎಂದರು. ತಂಗಿ ರಕ್ತದಿಂದ ಇರುವೆ ಸೋಸುತ್ತ ಕೂತಳು. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು; ಎಲ್ಲರೂ ಒಳಕೋಣೆಗೆ ನುಗ್ಗಿದರು. ಆಗ ಆ ದನಿ ಕೇಳಿಸಿತು.

"ಬಾಗಿಲು ತೆಗಿಯೇ... ಎಷ್ಟೊತ್ತಾಯ್ತು ಬಂದು... ಪಾಪ, ಹೊರಗೇ ನಿಂತಿದಾನೆ ಕಣೇ..."

ನಡುವೆ ಎರಡು ಸಣ್ಣ ಕೆಮ್ಮು. ಆಮೇಲೆ ಮತ್ತೆ, "ಬಾಗಿಲು ತೆಗಿಯೇ..."

ತಂಗಿಯ ಕೈಯಿಂದ ಜರಡಿ ಬಿತ್ತು. ಎದ್ದು, ಅಭ್ಯಾಸಬಲದಿಂದ ತಲೆಯ ಮೇಲೆ ಕೈ ಇಟ್ಟುಕೊಂಡು, ಪರದೆಯ ಸಂದಿಯಲ್ಲಿ ಇಣುಕಿದಳು.

ಒಳಗೆ ಅಮ್ಮ ಕೂತಿದ್ದಳು. ಅಂದರೆ, ಪ್ರೇತದ ಪಾತ್ರಕ್ಕೆ ಯಾವಾಗಲೂ ಬರುತ್ತಿದ್ದ ಬಡಕಲು ಲಿಫ್ಟ್ ಮೆಕ್ಯಾನಿಕ್ಕು ಮುಖಕ್ಕೆ ಪೌಡರು ಬಳಿದುಕೊಂಡು ಕೂತಿದ್ದ. ಅವನು ಹೊದ್ದದ್ದು ಅಮ್ಮನ ಬೂದು ಶಾಲು. ಮೂಗಿನ ಮೇಲೆ ಅಮ್ಮನ ಕನ್ನಡಕ. ಅದರ ಮುರಿದ ಕಡ್ಡಿಗೆ ತಂಗಿಯೇ ನೀಲಿ ದಾರ ಸುತ್ತಿ ಕಟ್ಟಿದ್ದು. ಕೈಯಲ್ಲಿ ಅಮ್ಮನ ಹಾಸಿಗೆಯ ಪಕ್ಕ ಇರುತ್ತಿದ್ದ ಸಣ್ಣ ಗಂಟೆ. ಇನ್ನು ಅವನು ಕೂತಿದ್ದ ಕುರ್ಚಿ! ಅದರ ಮೇಲೆ ಹಲಗೆ ಹಾಕಿ ಕೆಂಪು ಮಖಮಲ್ಲು ಹೊದಿಸಿದ್ದರು. ಆದರೂ ಆ ಕಬ್ಬಿಣದ ಕಾಲು, ಬಣ್ಣ ಹೋದ ಕೈಹಿಡಿ ಅವಳಿಗೆ ಗುರುತು ಸಿಗದೆ ಇರುತ್ತದೆಯೇ? ಬದುಕಿನ ಕೊನೆಯ ತಿಂಗಳುಗಳಲ್ಲಿ ಅಮ್ಮನನ್ನು ಕಕ್ಕಸಿಗೆ ಕೂರಿಸುತ್ತಿದ್ದ ಕುರ್ಚಿ ಅದು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಇಬ್ಬರು ಬೇಕು, ಆ ಕಡೆ ಒಬ್ಬರು ಈ ಕಡೆ ಒಬ್ಬರು, ಎಂದು ಆಸ್ಪತ್ರೆಯ ನರ್ಸು ಹಿಡಿದು ತೋರಿಸಿಕೊಟ್ಟಿದ್ದಳು. ಮೊದಲ ವಾರ ತಂಗಿ ಕರೆದಿದ್ದಳು, "ಅಣ್ಣಾ, ಆ ಕಡೆ ಹಿಡಿಯೋ." ಮುಂದಿನ ಕೋಣೆಯಲ್ಲಿ ಥರ್ಮಾಕೋಲಿನ ತಲೆಬುರುಡೆ ಕೆತ್ತುತ್ತಿದ್ದ ಅಣ್ಣ, "ಕೈಯೆಲ್ಲ ಗೋಂದು ಕಣೆ," ಎಂದಿದ್ದ. ಆಮೇಲೆ ಅವಳು ಕರೆಯಲಿಲ್ಲ. ಅವನ ಕೈಯ ಗೋಂದೂ ಅಮ್ಮ ಸಾಯುವ ತನಕ ಆರಲಿಲ್ಲ.

ಗಂಟೆ ಬಾರಿಸಿದರೆ ಅಡುಗೆಮನೆಯಿಂದ ಓಡಿ ಬರುವವಳು ಅವಳೇ. ಗೋಡೆಯಾಚೆಯೇ ಇದ್ದವನು ಅಲ್ಲಾಡುತ್ತಿರಲಿಲ್ಲ. ದಿನಕ್ಕೊಮ್ಮೆ ಹೊಸ್ತಿಲಲ್ಲಿ ನಿಂತು, ಮೂಗಿನ ಹತ್ತಿರ ಕರವಸ್ತ್ರ ಹಿಡಿದು, "ಹೇಗಿದೀಯಮ್ಮಾ?" ಎಂದು ಕೇಳಿ ಹೋಗುವುದಷ್ಟೇ ಅವನ ಸೇವೆ. ಅಮ್ಮನಿಗೆ ಆಗ ನೆನಪು ಕಲಸಿಹೋಗಿತ್ತು. ಮಗ ಸ್ಕೂಲಿಂದ ಬಂದು ಬಾಗಿಲಾಚೆ ನಿಂತಿದ್ದಾನೆ, ಯಾರೂ ಬಾಗಿಲು ತೆಗೆಯುತ್ತಿಲ್ಲ ಎಂದು ಅವಳ ಸಂಕಟ. ಮೂರು ಹೊತ್ತೂ ಅದೇ ಜಪ. ಅವನೋ, "ಆ ರೂಮಿನ ಬಾಗಿಲು ಹಾಕ್ಕೊಳೆ, ತಲೆ ಓಡ್ತಿಲ್ಲ," ಎನ್ನುತ್ತಿದ್ದ. ಅವನಿಗೆ ಕೇಳಿಸುವುದೇ ಇಲ್ಲ ಎಂದು ತಂಗಿ ಅಂದುಕೊಂಡಿದ್ದಳು. ಈಗ ನೋಡಿದರೆ ಒಂದು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಾನೆ. ಕೆಮ್ಮನ್ನೂ ಬಿಟ್ಟಿಲ್ಲ!

"ಬಾಗಿಲಾಚೆ ಇರೋನೇ ಪಿಶಾಚಿ!" ಎಂದು ಮೇಷ್ಟ್ರು ಘೋಷಿಸಿದರು. "ತೆಗೆದ್ರೆ ನಾವೆಲ್ಲ ಸತ್ತೆವು!"

ಅಷ್ಟರ ಮಟ್ಟಿಗೆ ಮೇಷ್ಟ್ರು ಸರಿಯಾಗೇ ಹೇಳಿದರು ಅನ್ನಿಸಿತು ತಂಗಿಗೆ. ಮೈಯೆಲ್ಲ ಉರಿದುಹೋಗುತ್ತಿತ್ತು. ಗೋಡೆಗೊರಗಿ, ತನ್ನ ಸೃಷ್ಟಿಯನ್ನು ಅರೆಗಣ್ಣಲ್ಲಿ ಸವಿಯುತ್ತ ನಿಂತಿದ್ದ ಅಣ್ಣನ ತೋಳು ಹಿಡಿದು ಪರದೆಯಾಚೆ ಎಳೆದುಕೊಂಡು ಬಂದಳು.

"ನಾಚಿಕೆ ಆಗಲ್ವೇನೋ ನಿಂಗೆ?"

"ಮೆಲ್ಲಗೆ ಮಾತಾಡೆ. ಆಟ ನಡೀತಿದೆ."

"ಅದು ಅಮ್ಮ ಕಣೋ! ಅಮ್ಮನ್ನ ಕೂರಿಸಿ ದೆವ್ವ ಮಾಡಿದೀಯಲ್ಲೋ!"

"ನಂಗೂ ಅಮ್ಮ ಅಲ್ವಾ?" ಅಣ್ಣನ ಮುಖದಲ್ಲಿ ನೊಂದ ಕಳೆ ಬಂತು. ಆ ಕಳೆ ಎಲ್ಲಿಂದ ಬಂತೋ, ಅಮ್ಮ ಸತ್ತ ದಿನವೂ ಅದನ್ನು ಅವಳು ನೋಡಿರಲಿಲ್ಲ. "ಒಬ್ಬೊಬ್ರು ಒಂದೊಂದು ಥರ ದುಃಖ ಪಡ್ತಾರೆ. ನಾನು ಹೀಗೆ ಪಡ್ತಿದೀನಿ. ಇದು ಕಲೆ, ನಿಂಗೆ ಅರ್ಥ ಆಗಲ್ಲ ಬಿಡು."

"ಆ ಸಾಮಾನೆಲ್ಲ ಈಗ್ಲೇ ತೆಗಿ."

"ಆಟ ಮುಗೀಲಿ. ಇಷ್ಟು ಚೆನ್ನಾಗಿ ಯಾವತ್ತೂ ಆಗಿರ್ಲಿಲ್ಲ, ಈಗ ಹಾಳು ಮಾಡ್ಬೇಡ." ಅವನು ಒಳಗೊಮ್ಮೆ ಕಳ್ಳನೋಟ ಹಾಯಿಸಿದ. "ನಿಯಮ ಗೊತ್ತಲ್ಲ? ಕೈ ತಲೆ ಮೇಲಿಡು. ಹೋಗು, ನಿನ್ನ ಕೆಲಸ ನೋಡ್ಕೋ."

ತಂಗಿ ಅವನ ಮುಖವನ್ನೇ ನೋಡಿದಳು. ಈ ಮನುಷ್ಯನಿಗೆ ಹೇಳಿ ಪ್ರಯೋಜನವಿಲ್ಲ. ಅವಳಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಅಮ್ಮನನ್ನು ಈ ಮಂದಿಯ ಬಾಯಿಂದ, ಈ ಕೆಂಪು ಬಲ್ಬಿನ ಕೆಳಗಿನಿಂದ ಎಬ್ಬಿಸಿಕೊಂಡು ಹೋಗುವುದು. ಸರಿ, ಎಂದುಕೊಂಡಳು. ಎಡಗೈಯನ್ನು ತಲೆಯ ಮೇಲೆ ಇಟ್ಟುಕೊಂಡಳು. ಪರದೆ ಸರಿಸಿ ಒಳಗೆ ಹೋದಳು.

ನೇರ ಹೋಗಿ ಲಿಫ್ಟ್ ಮೆಕ್ಯಾನಿಕ್ಕಿನ ಮೂಗಿನ ಮೇಲಿನ ಕನ್ನಡಕ ತೆಗೆದುಕೊಂಡಳು.

ಅವನು ಕಣ್ಣು ಕಣ್ಣು ಬಿಟ್ಟ. ಆದರೆ ತಲೆಯ ಮೇಲೆ ಕೈ ಇಟ್ಟವಳನ್ನು ನೋಡುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ. ಪಾಪ, ಅವಳ ಭುಜದಾಚೆ ಎಲ್ಲೋ ನೋಡುತ್ತ "ಬಾಗಿಲು ತೆಗಿಯೇ" ಎಂದು ಮುಂದುವರಿಸಿದ. ಒಂದು ಕ್ಷಣ ಎಲ್ಲರೂ ತಬ್ಬಿಬ್ಬಾದರು. ಆಮೇಲೆ ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು, "ನೋಡಿದ್ರಾ! ಪ್ರೇತದ ಕಣ್ಣು! ಯಾವುದೋ ಕಾಣದ ಶಕ್ತಿ ಕಿತ್ಕೊಂಡ್ಬಿಡ್ತು!" ಎಂದು ಕಿರುಚಿದರು.

ತಂಗಿ ಗಂಟೆ ಕಿತ್ತುಕೊಂಡಳು. "ಅಯ್ಯೋ, ಗಂಟೆ ಗಾಳೀಲಿ ತೇಲ್ತಿದೆ!" ಎಂದು ಮೇಷ್ಟ್ರು ಎದೆ ಹಿಡಿದುಕೊಂಡರು. ಶಾಲು ಎಳೆದಳು. ಹಿಂದೆ ನಿಂತಿದ್ದ ಹೆಂಗಸೊಬ್ಬಳು ನಿಜವಾಗಿಯೇ ಕಿಟಾರನೆ ಕಿರುಚಿದಳು. ಶಾಲಿನೊಳಗೆ ಕನ್ನಡಕ, ಗಂಟೆ ಇಟ್ಟು ಒಂದೇ ಕೈಯಲ್ಲಿ, ಹಲ್ಲಲ್ಲಿ ಕಚ್ಚಿ ಗಂಟು ಕಟ್ಟಿದಳು. ಕಣ್ಣೆದುರೇ ಒಬ್ಬ ಹೆಂಗಸು ಕೋಣೆಯನ್ನು ಬರಿದು ಮಾಡುತ್ತಿದ್ದರೆ ಇಷ್ಟು ಜನ ಅವಳ ಆಚೆ ಈಚೆ ನೋಡುತ್ತ, ಶೂನ್ಯಕ್ಕೆ ಹೆದರಿಕೊಂಡು ನಡುಗುತ್ತಿದ್ದರು. ಓದು, ಉದ್ಯೋಗ, ವಯಸ್ಸು ಎಲ್ಲ ಆದ ಜನ! ಇವರಿಗಿಂತ ಇರುವೆಗಳೇ ವಾಸಿ, ಎದುರಿಗಿದ್ದದ್ದು ಅವಕ್ಕೆ ಕಾಣಿಸುತ್ತದೆ.

ಬಾಗಿಲಲ್ಲಿ ಅಣ್ಣ ನಿಂತಿದ್ದ. ಮೊದಲು ಅವನ ಮುಖ ಸಿಟ್ಟಿನಿಂದ ಬಿಗಿದಿತ್ತು. ಹೆಂಗಸು ಕಿರುಚಿದ್ದು ಕೇಳಿ ಸಡಿಲವಾಯಿತು, ಆಮೇಲಂತೂ ಅರಳಿಯೇಬಿಟ್ಟಿತು. ತನ್ನ ಆಟದಲ್ಲಿ ಮೊದಲ ಸಲ ಯಾರೋ ನಿಜವಾಗಿ ಹೆದರಿದ್ದರು. ತಂಗಿಯ ಕಡೆ ನೋಡದೆಯೇ, ಮೆಚ್ಚಿಗೆಯಿಂದ ಹೆಬ್ಬೆರಳು ಎತ್ತಿ ತೋರಿಸಿದ.

ತಂಗಿ ಅವನಿಗೆ ಬೆನ್ನು ಹಾಕಿದಳು. ಮೆಕ್ಯಾನಿಕ್ಕಿನ ಭುಜ ತಟ್ಟಿದಳು. ಅವನು ಬೇಗ ಎದ್ದು ಪಕ್ಕಕ್ಕೆ ನಿಂತ. ಎಬ್ಬಿಸಿದ್ದಕ್ಕೆ ಅವನಿಗೂ ನೆಮ್ಮದಿಯಾದಂತಿತ್ತು. ಖಾಲಿಯಾದ ಕುರ್ಚಿ ಕಂಡದ್ದೇ ತಡ, ಮೇಷ್ಟ್ರು ಬಿಡುತ್ತಾರೆಯೇ? "ಪ್ರೇತ ಸಿಂಹಾಸನ ಬಿಟ್ಟಿತು! ಇನ್ನು ಈ ಮನೆಗೆ ನಾನೇ ಯಜಮಾನ!" ಎಂದು ನಿಲುವಂಗಿ ಕೊಡವಿ ಹತ್ತಿ ಕೂತರು. ತೋಳು ಎತ್ತಿ, "ಈ ಪೀಠದ ಮೇಲೆ ಆಣೆ—" ಎಂದು ಶುರುಮಾಡಿದರು.

ತಂಗಿ ಅವರ ಕೆಳಗಿನಿಂದ ಮಖಮಲ್ಲು ಎಳೆದಳು. ಹಲಗೆ ಜಾರಿತು. ಯಜಮಾನರು ಕುರ್ಚಿಯ ನಡುವಿನ ಗುಂಡಗಿನ ತೂತಿನೊಳಕ್ಕೆ ಕುಸಿದು, ಮಂಡಿ ಮೇಲಾಗಿ ಸಿಕ್ಕಿಕೊಂಡರು.

ಡಾಕ್ಟರು ಬಗ್ಗಿ ನೋಡಿದರು. ಅವರ ದನಿ ಆಟದಿಂದ ಇಳಿದು ಆಸ್ಪತ್ರೆಯ ದನಿಯಾಯಿತು. "ಸರ್... ಇದು ಕಮೋಡ್ ಚೇರಲ್ವಾ? ಪೇಶೆಂಟ್‌ಗಳಿಗೆ ಕೊಡ್ತಾರಲ್ಲ, ಅದು?"

ಯಾರೋ ಕಿಸಕ್ಕನೆ ನಕ್ಕರು. ಮೇಷ್ಟ್ರು ಒದ್ದಾಡಿ ಎದ್ದು, ಹಿಂಭಾಗ ಒರೆಸಿಕೊಳ್ಳುತ್ತ, "ಏನ್ರೀ ಸೂತ್ರಧಾರ್ರೇ ಇದು?" ಎಂದರು. ಎಲ್ಲರೂ ಅಣ್ಣನ ಕಡೆ ತಿರುಗಿದರು.

"ಕುರ್ಚಿ... ಹಳೇ ಕುರ್ಚಿ. ಬೆತ್ತ ಹರಿದಿತ್ತು ಅಂತ ಹಲಗೆ ಹಾಕ್ದೆ," ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ತಂಗಿಯನ್ನು ಚುಚ್ಚಿದ್ದು. ಅಷ್ಟು ತಿಂಗಳು ಗೋಡೆಯಾಚೆ ಇದ್ದವನಿಗೆ ಅಮ್ಮ ಯಾವುದರ ಮೇಲೆ ಕೂರುತ್ತಿದ್ದಳು ಎನ್ನುವುದೇ ಗೊತ್ತಿರಲಿಲ್ಲ.

ತಂಗಿ ತಲೆಯ ಮೇಲಿನ ಕೈ ತೆಗೆದಳು.

ತಕ್ಷಣ ಎಲ್ಲರಿಗೂ ಅವಳು ಕಾಣಿಸಿದಳು. ಡಾಕ್ಟರು "ಮೇಡಂ" ಎಂದರು. ಮೆಕ್ಯಾನಿಕ್ಕು ಪೌಡರಿನ ಮುಖ ತಗ್ಗಿಸಿದ. ಅವಳು ಶಾಲಿನ ಗಂಟನ್ನು ಕುರ್ಚಿಯ ಕೈಹಿಡಿಗೆ ಬಿಗಿಯಾಗಿ ಕಟ್ಟಿದಳು. ಕುರ್ಚಿಯ ಈ ಕಡೆ ಬಂದು ನಿಂತು, ಹಿಡಿ ಹಿಡಿದುಕೊಂಡಳು. ಕೂಗಲಿಲ್ಲ, ಬಯ್ಯಲಿಲ್ಲ. ನರ್ಸು ಕಲಿಸಿದ ಮೊದಲ ವಾರ ಕರೆದ ಹಾಗೇ ಕರೆದಳು.

"ಅಣ್ಣಾ, ಆ ಕಡೆ ಹಿಡಿಯೋ."

ಅಣ್ಣ ಕುರ್ಚಿ ನೋಡಿದ, ಆ ತೂತು ನೋಡಿದ. ಸುತ್ತ ನಿಂತವರನ್ನು ನೋಡಿದ. ಒಂದು ಹೆಜ್ಜೆ ಮುಂದಿಟ್ಟ ಹಾಗೂ ಮಾಡಿದ. ಅವಳಿಗೆ, ಇಷ್ಟೆಲ್ಲ ಆದಮೇಲೂ, ಬರುತ್ತಾನೇನೋ ಅನ್ನಿಸಿತು. ಬಂದಿದ್ದರೆ ಬಹುಶಃ ಎಲ್ಲವನ್ನೂ ಮರೆತುಬಿಡುತ್ತಿದ್ದಳು.

ಅಣ್ಣ ಬಲಗೈಯನ್ನು ನಿಧಾನವಾಗಿ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

ನಿಯಮ ನಿಯಮವೇ. ಮೊದಲು ಮೇಷ್ಟ್ರು ಬೇರೆ ಕಡೆ ನೋಡಿದರು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಕಣ್ಣು ಹೊರಳಿಸಿದರು. ಗೋಡೆ, ಬಲ್ಬು, ನೆಲದ ಮೇಲಿನ ಸಕ್ಕರೆ ರಕ್ತ, ಎಲ್ಲವನ್ನೂ ನೋಡಿದರು, ಅವನನ್ನು ಬಿಟ್ಟು.

ತಂಗಿ ಕುರ್ಚಿಯನ್ನು ಸೊಂಟಕ್ಕೆ ಒತ್ತಿಕೊಂಡು ಒಬ್ಬಳೇ ಎತ್ತಿದಳು. ಅಭ್ಯಾಸವಿತ್ತು. ಹಾಲ್ ದಾಟಿ, ಬಾಗಿಲನ್ನು ಕಾಲಿಂದ ತಳ್ಳಿ, ಬಿಸಿಲು ಬಿದ್ದ ಮೆಟ್ಟಿಲು ಇಳಿಯತೊಡಗಿದಳು. ಒಂದೊಂದು ಮೆಟ್ಟಿಲಿಗೂ ಶಾಲಿನೊಳಗೆ ಅಮ್ಮನ ಗಂಟೆ ಕಿಣಿ ಕಿಣಿ ಎನ್ನುತ್ತಿತ್ತು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಇಳಿಸಿ, ಕೈ ಬದಲಿಸಿಕೊಳ್ಳಲು ಒಂದು ಗಳಿಗೆ ನಿಂತಳು. ಮೇಲಿನಿಂದ ಯಾರೂ ಬರಲಿಲ್ಲ. ಮತ್ತೆ ಎತ್ತಿಕೊಂಡಳು; ಗಂಟೆ ಮತ್ತೆ ಸದ್ದು ಮಾಡಿತು.